ಏಳನೇ ಪೋರ್ಟಿನ ಕಾವಲುಗಾರ

"ಇನ್ನೊಂದು ಸಲ ಹಾಕಿ," ಎಂದೆ.

ಮೇಲ್ವಿಚಾರಕಿ ನಿಟ್ಟುಸಿರು ಬಿಟ್ಟರು. ನನಗೆ ಕೇಳಿಸಲಿ ಎಂದೇ ಬಿಟ್ಟ ನಿಟ್ಟುಸಿರು ಅದು. ಆ ಧ್ವನಿಮುದ್ರಣವನ್ನು ಬೆಳಗಿನಿಂದ ಐದು ಸಲ ಕೇಳಿದ್ದೆ, ಇದು ಆರನೆಯದು. ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ. ನಾಲ್ಕಕ್ಕೆ ಇದೇ ಮಹಡಿಯ ಕೊನೆಯ ಕೋಣೆಯಲ್ಲಿ ವಿಚಾರಣೆ. ಅದು ಮುಗಿದರೆ ನನ್ನ ಅತ್ತಿಗೆಯ ಹನ್ನೊಂದು ವರ್ಷದ ಕೆಲಸವೂ ಮುಗಿದ ಹಾಗೆಯೇ.

ಒಂಬತ್ತು ದಿನಗಳ ಹಿಂದೆ, ಮಂಗಳವಾರ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಈ ತುರ್ತು ಕರೆ ಕೇಂದ್ರಕ್ಕೆ ಬಂದ ಕರೆ ಅದು. ಗಾರೆ ಕೆಲಸದವನೊಬ್ಬ ಸಾರವೆಯಿಂದ ಬಿದ್ದಿದ್ದ. ಅವನ ಜೊತೆಗಾರ ಆಂಬುಲೆನ್ಸ್ ಕೇಳುತ್ತಿದ್ದ. ವಿಳಾಸವನ್ನು ಅವನು ನಾಲ್ಕು ಸಲ ಹೇಳುತ್ತಾನೆ, ಒಂದಕ್ಷರವೂ ಮಸುಕಿಲ್ಲ. ನಾಲ್ಕು ಸಲವೂ ಅತ್ತಿಗೆಯ ದನಿ ಒಂದೇ ಮಾತು ಹೇಳುತ್ತದೆ: "ಕೇಳಿಸ್ತಿಲ್ಲ, ಇನ್ನೊಮ್ಮೆ ಹೇಳಿ." ಆಂಬುಲೆನ್ಸ್ ಹೊರಡುವಷ್ಟರಲ್ಲಿ ಆರು ನಿಮಿಷ ಹೋಗಿತ್ತು. ಬಿದ್ದವನು ಇವತ್ತಿನವರೆಗೆ ಕಣ್ಣು ಬಿಟ್ಟಿಲ್ಲ.

"ಆ ಟಕಟಕ ಕೇಳಿದ್ರಲ್ಲ," ಎಂದರು ಮೇಲ್ವಿಚಾರಕಿ. "ಅಲ್ಲೊಬ್ಬ ಪ್ರಾಣ ಬಿಡ್ತಿದ್ದಾನೆ, ಇಲ್ಲಿ ಇವರು ಯಾರಿಗೋ ಮೆಸೇಜ್ ಟೈಪ್ ಮಾಡ್ತಿದ್ದಾರೆ. ಇನ್ನೆಷ್ಟು ಸಲ ಕೇಳಿದ್ರೂ ಅಷ್ಟೇ."

ಟಕಟಕ ನನಗೂ ಕೇಳಿತ್ತು. ಕೀಬೋರ್ಡಿನ ಸದ್ದು. ವಿಚಾರಣೆಯ ಕಡತದಲ್ಲಿ ಅತ್ತಿಗೆಯ ಕುತ್ತಿಗೆಗೆ ಸುತ್ತಿದ ಹಗ್ಗವೇ ಅದು. ಆದರೆ ಆರನೇ ಸಲಕ್ಕೆ ನಾನು ಕೇಳಿಸಿಕೊಂಡದ್ದು ಸದ್ದನ್ನಲ್ಲ, ಸದ್ದಿನ ಸರದಿಯನ್ನು. ಮೊದಲು ಟಕಟಕ. ಎರಡು ಸೆಕೆಂಡು ಬಿಟ್ಟು "ಕೇಳಿಸ್ತಿಲ್ಲ". ಮತ್ತೆ ಟಕಟಕ, ಮತ್ತೆ "ಕೇಳಿಸ್ತಿಲ್ಲ". ನಾಲ್ಕಕ್ಕೆ ನಾಲ್ಕೂ ಹಾಗೆಯೇ.

ಯಾರಿಗೋ ಟೈಪ್ ಮಾಡುವವರ ಗಮನ ಇಷ್ಟು ಲೆಕ್ಕವಾಗಿ ತಪ್ಪುವುದಿಲ್ಲ.

ಕಂಪ್ಯೂಟರ್ ಜಾಲಗಳಲ್ಲಿ ಕಳೆದುಹೋದದ್ದನ್ನು ಹುಡುಕಿಕೊಡುವುದು ನನ್ನ ಕಸುಬು. ಹದಿನಾರು ವರ್ಷದಲ್ಲಿ ಬರಿಗೈಯಲ್ಲಿ ಮನೆಗೆ ಹೋದದ್ದು ಎರಡೇ ಸಲ, ಆ ಎರಡೂ ಸಲ ನನಗೆ ಜ್ವರ ಬಂದಿತ್ತು. ಈ ವಿದ್ಯೆ ಕಲಿಸಿದವನು ಅಣ್ಣ. ಎಂಟು ವರ್ಷದ ಹಿಂದೆ ಈ ಕೇಂದ್ರದ ಜಾಲವನ್ನು ತಂತಿ ತಂತಿಯಾಗಿ ಕಟ್ಟಿದವನೂ ಅವನೇ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಬೇರೆ ಕಡೆ ಸೇರಿದ. ನೀನೂ ಬಿಡು ಎಂದು ಅವನು ಎಷ್ಟು ಹೇಳಿದರೂ ಅತ್ತಿಗೆ ಮಾತ್ರ ಇಲ್ಲೇ ಉಳಿದಳು.

ನನಗೆ ಫೋನ್ ಮಾಡಿದವನೂ ಅಣ್ಣನೇ. ನೀನೇ ಬಂದು ನೋಡಬಹುದಲ್ಲ ಎಂದಿದ್ದೆ. "ನಾನು ನೋಡಿದ್ರೆ ಹೆಂಡ್ತಿ ಪರ ಅಂತಾರೆ," ಎಂದಿದ್ದ. "ನಾದಿನಿ ಅತ್ತಿಗೆ ಪರ ಮಾತಾಡ್ತಾಳೆ ಅಂತ ಲೋಕದಲ್ಲಿ ಯಾರೂ ಅನುಮಾನಪಡಲ್ಲ. ನಿನ್ನ ಮಾತಿಗೆ ತೂಕ ಇರುತ್ತೆ." ನಾನು ನಕ್ಕು ಒಪ್ಪಿಕೊಂಡಿದ್ದೆ. ವಿಚಾರಣೆಗೆ ಒಬ್ಬ ತಜ್ಞರನ್ನು ಕರೆತರಬಹುದೆಂಬ ನಿಯಮದ ಮೇಲೆ ಈ ಕೋಣೆಯೊಳಗೆ ಕಾಲಿಟ್ಟವಳು ನಾನು.

"ಈ ಧ್ವನಿ ಮುದ್ರಣ ಆಗೋದು ಎಲ್ಲಿ?" ಎಂದು ಕೇಳಿದೆ.

ಪ್ರಶ್ನೆ ಬಾಗಿಲ ಬಳಿ ನಿಂತಿದ್ದ ಗುತ್ತಿಗೆದಾರನಿಗೆ. ಅಣ್ಣ ಬಿಟ್ಟ ಮೇಲೆ ಜಾಲದ ಉಸ್ತುವಾರಿ ಈತನದು. ಸೊಂಟದಲ್ಲಿ ಇಪ್ಪತ್ತು ಬೀಗದ ಕೈ ತೂಗಾಡಿಸಿಕೊಂಡು ಓಡಾಡುವುದರಿಂದ ಇಡೀ ಕೇಂದ್ರ ಇವನನ್ನು ಗೊಂಚಲು ಎಂದೇ ಕರೆಯುತ್ತದೆ. ನೆಲಮಹಡಿಯಲ್ಲಿ ಆಗುತ್ತದೆ ಎಂದ. ಹಾಗಾದರೆ ದಾರಿ ಬರೆದು ತೋರಿಸಿ ಎಂದು ಕಾಗದ ಮುಂದೆ ತಳ್ಳಿದೆ. ಆತ ಬರೆದ. ಕರೆ ಕಟ್ಟಡದೊಳಗೆ ಬರುತ್ತದೆ, ನೆಲಮಹಡಿಯಲ್ಲಿ ಅದರ ನಕಲು ಮುದ್ರಣ ಯಂತ್ರಕ್ಕೆ ಹೋಗುತ್ತದೆ, ಆಮೇಲೆ ಮೇಲೆ ಹತ್ತಿ ಮೂರನೇ ಮಹಡಿಯ ಸ್ವಿಚ್‌ಗೆ ಬರುತ್ತದೆ, ಅಲ್ಲಿಂದ ಅತ್ತಿಗೆಯ ಮೇಜಿಗೆ.

ಬೆರಳಿಟ್ಟು ತೋರಿಸಿದೆ. "ಅಂದ್ರೆ ನಾವು ಆರು ಸಲ ಕೇಳಿದ್ದು ನೆಲಮಹಡಿಗೆ ಕೇಳಿಸಿದ್ದನ್ನ. ಅತ್ತಿಗೆ ಕಿವಿಗೆ ಬಿದ್ದದ್ದನ್ನ ಇನ್ನೂ ಯಾರೂ ಕೇಳಿಲ್ಲ."

ಮೇಲ್ವಿಚಾರಕಿ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮೂರನೇ ಮಹಡಿಯ ಸ್ವಿಚ್‌ಗಳಿದ್ದ ಕಪಾಟು ಲಿಫ್ಟಿನ ಪಕ್ಕದ ಸಣ್ಣ ಕೋಣೆಯಲ್ಲಿತ್ತು. ಪೊರಕೆ, ಬಕೆಟ್ಟು, ಮುರಿದ ಕುರ್ಚಿಗಳ ನಡುವೆ ಅದೊಂದೇ ಬೆಲೆಬಾಳುವ ವಸ್ತು. ಸ್ವಿಚ್ ಎಂದರೆ ದೀಪ ಹಾಕುವ ಗುಂಡಿಯಲ್ಲ. ಪಿಜ್ಜಾ ಪೆಟ್ಟಿಗೆಯಷ್ಟಿರುವ ಕಬ್ಬಿಣದ ಡಬ್ಬ, ಮುಂಭಾಗದಲ್ಲಿ ಸಾಲಾಗಿ ತಂತಿ ಸಿಕ್ಕಿಸುವ ಕಿಂಡಿಗಳು. ಒಂದೊಂದು ಕಿಂಡಿಗೂ ಪೋರ್ಟ್ ಎನ್ನುತ್ತೇವೆ. ಒಂದೊಂದು ಪೋರ್ಟೂ ಒಂದೊಂದು ಮೇಜಿಗೆ ಹೋಗುತ್ತದೆ. ಅತ್ತಿಗೆಯದು ಏಳನೆಯದು.

ತಂತಿಯಲ್ಲಿ ಮಾತು ಇಡಿಯಾಗಿ ಹೋಗುವುದಿಲ್ಲ, ಸೆಕೆಂಡಿಗೆ ಐವತ್ತು ತುಂಡಾಗಿ ಹೋಗುತ್ತದೆ. ಅದೇ ತಂತಿಯಲ್ಲಿ ಕಂಪ್ಯೂಟರಿನ ಚಿತ್ರ, ಪತ್ರ, ನಕ್ಷೆಯೂ ಹೋಗಬೇಕು. ದಾರಿ ಇಕ್ಕಟ್ಟಾದಾಗ ಯಾರು ಮುಂದೆ ಎಂದು ತೀರ್ಮಾನಿಸಲು ಸ್ವಿಚ್ಚಿನೊಳಗೆ ಎರಡು ಬಗೆಯ ಆಳುಗಳಿರುತ್ತಾರೆ. ಒಬ್ಬ ಸರದಿ ನೋಡುವವನು, ತುರ್ತಿನವರನ್ನು ಮುಂದೆ ಬಿಟ್ಟು ಮಿಕ್ಕವರನ್ನು ಕಾಯಿಸುತ್ತಾನೆ. ಇನ್ನೊಬ್ಬ ಕಾವಲುಗಾರ. ಇವನಿಗೆ ಕಾಯಿಸುವುದು ಗೊತ್ತಿಲ್ಲ. ಇಷ್ಟೇ ಜನ ಎಂದು ಸ್ವಿಚ್ಚಿನಲ್ಲಿ ಒಂದು ಸಾಲು ಬರೆದು ಅಳತೆ ಕೊಟ್ಟರೆ, ಅಳತೆ ಮೀರಿದವರನ್ನು ಅಲ್ಲೇ ಆಚೆಗೆ ಎಸೆಯುತ್ತಾನೆ. ಎಸೆದದ್ದು ಮಾತಿನ ತುಂಡಾದರೆ ಕಿವಿಗೆ ಬೀಳುವುದು ಬರೀ ಗೊರಗೊರ.

"ನೋಡಿ ಮೇಡಂ," ಎಂದ ಗೊಂಚಲು, ನನ್ನ ಲ್ಯಾಪ್‌ಟಾಪಿನ ಪರದೆ ತೋರಿಸುತ್ತ. "ಏಳನೇ ಪೋರ್ಟಲ್ಲಿ ಮಾತಿಗೆ ಮೊದಲನೇ ಸರದಿ. ಕಾವಲಿನ ಸಾಲೇ ಇಲ್ಲ. ಬಿದ್ದುಹೋದ ತುಂಡು ಸೊನ್ನೆ. ನನ್ನ ಕೆಲಸದಲ್ಲಿ ಕೊಂಕು ಹುಡುಕೋಕಾಗಲ್ಲ."

ನಿಜ, ಎಲ್ಲ ಸರಿಯಾಗಿತ್ತು. ನನಗೆ ಅನುಮಾನ ಬಂದದ್ದೇ ಅಲ್ಲಿ. ಬಿದ್ದುಹೋದ ತುಂಡು ಸೊನ್ನೆ ಇರಲಿ, ಅದು ಒಳ್ಳೆಯ ಸೊನ್ನೆ. ಆದರೆ ಹೋದ ತುಂಡುಗಳ ಎಣಿಕೆ ಎಂಟು ವರ್ಷದ ಸ್ವಿಚ್ಚಿಗೆ ತೀರಾ ಕಡಿಮೆ ಇತ್ತು. ಸ್ವಿಚ್ ಎಷ್ಟು ಹೊತ್ತಿನಿಂದ ಎಚ್ಚರವಿದೆ ಎಂದು ಅದನ್ನೇ ಕೇಳಿದೆ. ಒಂಬತ್ತು ದಿನ, ಎರಡು ಗಂಟೆ ಎಂದಿತು. ನನ್ನ ಗಡಿಯಾರದಲ್ಲಿ ಎರಡು ಇಪ್ಪತ್ತು.

ಅಂದರೆ ಮಂಗಳವಾರ ಮಧ್ಯಾಹ್ನ ಹನ್ನೆರಡು ಇಪ್ಪತ್ತಕ್ಕೆ ಇದು ಒಮ್ಮೆ ಸತ್ತು ಹುಟ್ಟಿದೆ. ಆ ಕರೆ ಬಂದು ಒಂದು ಗಂಟೆ ಹತ್ತು ನಿಮಿಷಕ್ಕೆ.

ಕರೆಂಟ್ ಹೋಗಿತ್ತು ಎಂದ ಗೊಂಚಲು. ಹಾಗೆಂದು ಪುಸ್ತಕದಲ್ಲೂ ಬರೆದಿದೆ ಎಂದ. ನಾನು ಅದರ ಕೆಳಗಿದ್ದ ಇನ್ನೊಂದು ಸ್ವಿಚ್ಚಿಗೆ ತಂತಿ ಸಿಕ್ಕಿಸಿದೆ. ಎರಡಕ್ಕೂ ಒಂದೇ ಬ್ಯಾಟರಿ, ಒಂದೇ ಪ್ಲಗ್ಗಿನ ಪಟ್ಟಿ. ಅದನ್ನೂ ಅದೇ ಪ್ರಶ್ನೆ ಕೇಳಿದೆ.

ಇನ್ನೂರ ಹದಿನಾಲ್ಕು ದಿನ.

"ಕರೆಂಟಿಗೆ ಇಷ್ಟು ಭೇದಭಾವ ಇರೋದು ನನಗೆ ಗೊತ್ತಿರಲಿಲ್ಲ," ಎಂದೆ.

ಗೊಂಚಲಿನ ಕೈ ತಾನಾಗಿ ಸೊಂಟದ ಬೀಗದ ಕೈಗಳ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನಾನು ಮುರಿದ ಕುರ್ಚಿಯೊಂದನ್ನು ಎಳೆದು ಬಾಗಿಲಿಗೆ ಅಡ್ಡವಾಗಿ ಹಾಕಿಕೊಂಡು ಕೂತೆ. ಮೂರು ಕಾಲಿನ ಕುರ್ಚಿ, ಆದರೂ ಆತನಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ.

ಸ್ವಿಚ್ಚಿನ ಮರೆವು ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಗುಟ್ಟು. ಹೊಸ ಸಾಲೊಂದನ್ನು ಬರೆದರೆ ಅದು ತಕ್ಷಣ ಕೆಲಸ ಶುರು ಮಾಡುತ್ತದೆ. ಉಳಿಸು ಎಂದು ಬೇರೆಯಾಗಿ ಹೇಳದಿದ್ದರೆ ಮಾತ್ರ, ಮುಂದಿನ ಸಲ ಕರೆಂಟ್ ತೆಗೆದೊಡನೆ ಮರೆತುಬಿಡುತ್ತದೆ. ಎಣಿಕೆಗಳನ್ನೂ ಮರೆಯುತ್ತದೆ. ಯಾರೋ ಬರೆದು ಉಳಿಸದೆ ಬಿಟ್ಟ ಸಾಲನ್ನು ಅಳಿಸಲು ಪ್ಲಗ್ ಕೀಳುವುದಕ್ಕಿಂತ ಸುಲಭದ ದಾರಿ ಇಲ್ಲ.

"ಪ್ಲಗ್ ಕಿತ್ತವರು ನೀವು," ಎಂದೆ. "ಯಾಕೆ ಅಂತ ಹೇಳಿ. ಹೇಳದಿದ್ರೆ ಸಾಲು ಬರೆದವರೂ ನೀವೇ ಅಂತ ನಾಲ್ಕು ಗಂಟೆಗೆ ನಾನೇ ಹೇಳ್ತೀನಿ."

ಆತ ಬಕೆಟ್ಟಿನ ಕಡೆಗೆ ಕಣ್ಣು ತಿರುಗಿಸಿದ. "ಬರೆದವನು ನಾನಲ್ಲ," ಎಂದ. "ಗಲಾಟೆ ಆದ್ಮೇಲೆ ಹನ್ನೆರಡಕ್ಕೆ ಬಂದು ನೋಡಿದೆ. ಏಳನೇ ಪೋರ್ಟಲ್ಲಿ ಕಾವಲು ಕೂತಿತ್ತು. ನಾಲ್ಕು ಸಾವಿರ ತುಂಡು ಎಸೆದಿತ್ತು. ಪ್ಲಗ್ ಕಿತ್ತುಬಿಟ್ಟೆ."

"ಹೋಗಿ ಹೇಳ್ಬೇಕಿತ್ತು."

"ಏನಂತ ಹೇಳ್ಲಿ? ಪಾಸ್‌ವರ್ಡ್ ನಿಮ್ಮ ಅಣ್ಣನ ಕಾಲದ್ದೇ ಇದೆ, ಎರಡು ವರ್ಷದಿಂದ ಬದಲಾಯಿಸಿಲ್ಲ ಅಂತ ಹೇಳ್ಲಾ? ಯಾರು ಬೇಕಾದ್ರೂ ಎಲ್ಲಿಂದ ಬೇಕಾದ್ರೂ ಬರೆದು ಹೋಗಬಹುದು ಅಂತ ನಾನೇ ಬರ್ಕೊಟ್ಟ ಹಾಗಾಗುತ್ತಿತ್ತು."

ನನಗೆ ಸಿಟ್ಟು ನೆತ್ತಿಗೇರಿತು. ಒಬ್ಬನ ಸೋಮಾರಿತನ ಮುಚ್ಚಿಡಲು ಒಂಬತ್ತು ದಿನದಿಂದ ಅತ್ತಿಗೆ ಸುಳ್ಳುಗಾತಿಯಾಗಿ ಕೂತಿದ್ದಾಳೆ. ಊಟ ಮುಂದಿಟ್ಟುಕೊಂಡು ತಟ್ಟೆ ನೋಡುತ್ತಾಳೆ. ಮೊನ್ನೆ ನನ್ನ ಬಳಿ ಒಂದೇ ಮಾತು ಹೇಳಿದ್ದಳು: "ಕೆಲಸ ಹೋದ್ರೆ ಹೋಗ್ಲಿ. ಅವನು ಕೂಗ್ತಿದ್ರೂ ನಾನು ಕಿವಿ ಕೊಡಲಿಲ್ಲ ಅನ್ನೋದು ಮಾತ್ರ ಹೋಗ್ಬೇಕು." ಅದನ್ನು ಗೊಂಚಲಿಗೂ ಹೇಳಿದೆ. ವಿಚಾರಣೆಯಲ್ಲಿ ನಿಜ ಹೇಳುತ್ತೀರಾ ಎಂದೆ. ಪುರಾವೆ ಇಲ್ಲದೆ ಹೇಳಿದರೆ ತನ್ನನ್ನೇ ಹಿಡಿದು ಬಡಿಯುತ್ತಾರೆ, ಪುರಾವೆ ಇದ್ದರೆ ಹೇಳುತ್ತೇನೆ ಎಂದ. ಪುರಾವೆಯನ್ನು ತಾನೇ ಕೊಂದು ಅದರ ತಿಥಿಗೆ ನನ್ನನ್ನು ಕರೆಯುತ್ತಿದ್ದ.

ಆದರೆ ಈತನಿಗೆ ಅಣ್ಣನ ಅಭ್ಯಾಸ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಅಣ್ಣ ಎಲ್ಲಿ ಜಾಲ ಕಟ್ಟಿದರೂ ಒಂದು ಮೂಲೆಯಲ್ಲಿ ಹಳೆಯ ಕಂಪ್ಯೂಟರೊಂದನ್ನು ಕೂರಿಸುತ್ತಾನೆ. ಗಂಟೆಗೊಮ್ಮೆ ಅದು ಎಲ್ಲ ಸ್ವಿಚ್‌ಗಳನ್ನೂ ಮಾತಾಡಿಸಿ, ಆ ಹೊತ್ತಿಗೆ ಅವುಗಳೊಳಗೆ ಏನು ಬರೆದಿದೆಯೋ ಅದನ್ನೆಲ್ಲ ನಕಲು ಮಾಡಿಟ್ಟುಕೊಳ್ಳುತ್ತದೆ. ಸ್ವಿಚ್ಚಿನ ನೆನಪನ್ನು ನಂಬಬೇಡ, ಬರೆದಿಟ್ಟುಕೋ ಎಂದು ನನಗೂ ಕಲಿಸಿದ್ದ. ಇಲ್ಲೂ ಅಂಥದ್ದೊಂದು ಇರಲೇಬೇಕು. ಪಾಪ, ಅವನು ಅದನ್ನು ನನಗೆ ಹೇಳುವುದನ್ನೇ ಮರೆತಿದ್ದ. ಹೆಂಡತಿಯ ಚಿಂತೆಯಲ್ಲಿ ಯಾರಿಗಾದರೂ ಮರೆವು ಬರುತ್ತದೆ.

ಹಳೇ ಕಂಪ್ಯೂಟರ್ ಏನಾದರೂ ಇದೆಯೇ ಎಂದು ಕೇಳಿದೆ. ಗೊಂಚಲು ಯೋಚಿಸಿ, ನೆಲಮಹಡಿಯಲ್ಲಿ ಒಂದಿದೆ, ಅದರ ಮೇಲೆ ತಾನು ಟೀ ಫ್ಲಾಸ್ಕ್ ಇಡುತ್ತೇನೆ ಎಂದ. ಬೆಚ್ಚಗಿರುತ್ತದಂತೆ. ಕೆಲಸ ಮಾಡದ ಯಂತ್ರ ಬೆಚ್ಚಗೆ ಯಾಕಿರುತ್ತದೆ ಎಂದು ಎರಡು ವರ್ಷದಲ್ಲಿ ಒಂದು ದಿನವೂ ಈ ಮಹಾನುಭಾವನಿಗೆ ಹೊಳೆದಿರಲಿಲ್ಲ.

ಮೂರು ಗಂಟೆಗೆ ಫ್ಲಾಸ್ಕ್ ಪಕ್ಕಕ್ಕಿಟ್ಟು, ಧೂಳು ಒರೆಸಿ, ಪರದೆ ಜೋಡಿಸಿದೆ. ಹಳೆಯ ಪಾಸ್‌ವರ್ಡೇ ಬಾಗಿಲು ತೆರೆಯಿತು. ಒಳಗೆ ಎಂಟು ವರ್ಷದ ನಕಲುಗಳು ಗಂಟೆ ಗಂಟೆಗೂ ಸಾಲಾಗಿ ಕೂತಿದ್ದವು.

ಮಂಗಳವಾರ ಹತ್ತು ಗಂಟೆಯದನ್ನು ತೆಗೆದೆ. ಏಳನೇ ಪೋರ್ಟಿಗೆ ಕಾವಲಿಲ್ಲ. ಹನ್ನೊಂದರದನ್ನು ತೆಗೆದೆ. ಕಾವಲಿತ್ತು. ಹನ್ನೆರಡರಲ್ಲೂ ಇತ್ತು. ಒಂದು ಗಂಟೆಯದರಲ್ಲಿ ಇಲ್ಲ. ಹನ್ನೊಂದರ ನಕಲಿನ ನೆತ್ತಿಯ ಮೇಲೆ ಕೊನೆಯ ಬದಲಾವಣೆಯ ಹೊತ್ತೂ ದಾಖಲಾಗಿತ್ತು: ಹತ್ತು ಐವತ್ತೆರಡು.

ಅಳತೆ ನೋಡಿದೆ. ಸೆಕೆಂಡಿಗೆ ಒಂದು ಲಕ್ಷ ಇಪ್ಪತ್ತೆಂಟು ಸಾವಿರ ಬಿಟ್. ಒಂದು ಕರೆಯ ಮಾತಿಗೆ ತೊಂಬತ್ತು ಸಾವಿರ ಬೇಕು. ಬರೀ ಮಾತಾದರೆ ಆರಾಮಾಗಿ ಹಿಡಿಸುತ್ತದೆ. ಆದರೆ ಈ ಕಾವಲನ್ನು ಇಡೀ ಪೋರ್ಟಿಗೆ ಹಾಕಿದ್ದರು, ಮಾತು ಯಾವುದು ಮಿಕ್ಕದ್ದು ಯಾವುದು ಎಂದು ಬೇರ್ಪಡಿಸದೆ. ಅತ್ತಿಗೆಯ ಫೋನೂ ಕಂಪ್ಯೂಟರೂ ಒಂದೇ ಪೋರ್ಟಿನಲ್ಲಿ ಸಂಸಾರ ಮಾಡುತ್ತವೆ. ಕಂಪ್ಯೂಟರಿಗೆ ದೊಡ್ಡದೇನಾದರೂ ಬರತೊಡಗಿದರೆ ಸಾಕು, ಕಾವಲುಗಾರ ಮುಖ ನೋಡದೆ ಮಾತನ್ನೂ ಎಸೆಯುತ್ತಾನೆ.

ಆಗ ಆ ಟಕಟಕ ನನ್ನ ತಲೆಯಲ್ಲಿ ಏಳನೇ ಸಲ ಕೇಳಿಸಿತು.

ಅವಳು ಮೆಸೇಜ್ ಟೈಪ್ ಮಾಡುತ್ತಿರಲಿಲ್ಲ. ಕೇಳಿಸಿದಷ್ಟು ವಿಳಾಸವನ್ನು ನಕ್ಷೆಯಲ್ಲಿ ಹುಡುಕುತ್ತಿದ್ದಳು. ನಕ್ಷೆ ಇಳಿಯತೊಡಗಿದೊಡನೆ ಮಾತು ಹರಿದುಹೋಗುತ್ತಿತ್ತು. ಕೇಳಿಸುತ್ತಿಲ್ಲ ಎಂದು ಕೇಳಿ, ಇನ್ನೊಂದು ಪದ ಸಿಕ್ಕಿದೊಡನೆ ಮತ್ತೆ ನಕ್ಷೆ, ಮತ್ತೆ ಹರಿದ ಮಾತು. ಆ ಗಾರೆಯವನನ್ನು ಉಳಿಸಲು ಅವಳು ಅವಸರ ಮಾಡಿದಷ್ಟೂ ಅವನ ವಿಳಾಸ ದೂರ ಹೋಗಿತ್ತು. ನನ್ನ ಕಣ್ಣು ತುಂಬಿ ಬಂತು. ಗೊಂಚಲಿನೆದುರು ಅಳುವುದು ಬೇಡವೆಂದು ಧೂಳಿನ ಮೇಲೆ ಹಾಕಿದೆ.

ನಕ್ಷೆ ಸರ್ವರಿನ ದಾಖಲೆಯನ್ನೂ ತರಿಸಿ ನೋಡಿದೆವು. ನಾಲ್ಕು ಹುಡುಕಾಟ, ಅತ್ತಿಗೆಯ ಮೇಜಿನಿಂದ. ನಾಲ್ಕೂ ಧ್ವನಿಮುದ್ರಣದ ಟಕಟಕದ ಹೊತ್ತಿಗೇ. ಗೊಂಚಲು ತಾನಾಗಿ, ವಿಚಾರಣೆಯಲ್ಲಿ ಹೇಳುತ್ತೇನೆ ಎಂದ. ಸ್ವಿಚ್ಚಿನ ನಕಲು, ನಕ್ಷೆಯ ದಾಖಲೆ ಎರಡನ್ನೂ ಮುದ್ರಿಸಿಕೊಂಡು, ಅವನಿಂದ ಸಹಿ ಹಾಕಿಸಿಕೊಂಡೆ. ಅತ್ತಿಗೆ ಗೆದ್ದಿದ್ದಳು.

ಉಳಿದದ್ದು ಒಂದೇ, ಬರೆದವರು ಯಾರು. ಅದೂ ನನಗೆ ಹೆಚ್ಚುಕಡಿಮೆ ಗೊತ್ತಾಗಿತ್ತು. ಮೊದಲು ಬೇರ್ಪಡಿಸು, ಆಮೇಲೆ ಅಳೆ: ಅಣ್ಣ ನನಗೆ ಕಲಿಸಿದ ಮೊದಲ ಪಾಠ ಅದು. ಇಡೀ ಪೋರ್ಟಿಗೆ ಕಾವಲು ಹಾಕುವ ತಪ್ಪನ್ನು ಈ ಕೆಲಸ ಕಲಿತವರು ಯಾರೂ ಮಾಡುವುದಿಲ್ಲ. ಮಾಡಿದವರು ಅರೆಬರೆ ತಿಳಿದವರು. ಹಳೆಯ ಪಾಸ್‌ವರ್ಡ್ ಗೊತ್ತಿದ್ದ ಅರೆಬರೆಯವರು ಇಲ್ಲಿ ಯಾರು ಎಂದು ಗೊಂಚಲನ್ನು ಕೇಳಿದೆ. ಅಣ್ಣ ರಜೆ ಹಾಕಿದಾಗಲೆಲ್ಲ ಸಣ್ಣಪುಟ್ಟ ಬದಲಾವಣೆ ಮಾಡುತ್ತಿದ್ದವರು ಮೇಲ್ವಿಚಾರಕಿ ಎಂದ. ಪಾಳಿಯ ಹಂಚಿಕೆಯ ವಿಷಯಕ್ಕೆ ಅತ್ತಿಗೆಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ನನಗೆ ಅಷ್ಟು ಸಾಕಾಗಿತ್ತು.

ಮೂರು ಐವತ್ತಕ್ಕೆ ಮೆಟ್ಟಿಲು ಹತ್ತಿದೆ. ಲಿಫ್ಟಿಗೆ ಕಾಯುವ ತಾಳ್ಮೆ ಇರಲಿಲ್ಲ.

ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಅತ್ತಿಗೆ ಕೂತಿದ್ದಳು, ಪಕ್ಕದಲ್ಲಿ ಅಣ್ಣ. ಬೆಳಗಿನಿಂದ ಅಲ್ಲೇ ಇದ್ದಾನೆ, ಅವಳ ನೀರಿನ ಬಾಟಲಿ ಹಿಡಿದುಕೊಂಡು. ದೂರದಿಂದಲೇ ಕಾಗದ ಎತ್ತಿ ತೋರಿಸಿದೆ. "ಸಿಕ್ತು ಅತ್ತಿಗೆ," ಎಂದೆ. "ನೀನು ಕಿವಿ ಕೊಟ್ಟಿದ್ದೆ. ಸ್ವಿಚ್ ಕೊಡಲಿಲ್ಲ. ಹಳೇ ಕಂಪ್ಯೂಟರಲ್ಲಿ ನಕಲು ಸಿಕ್ತು, ಯಾರ ಕೆಲಸ ಅಂತಾನೂ ಗೊತ್ತಾಯ್ತು."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಒಂಬತ್ತು ದಿನದಲ್ಲಿ ಮೊದಲ ಸಲ ಅವಳು ಅತ್ತದ್ದು. ನಾನು ಅವಳ ಹೆಗಲು ಹಿಡಿದು ನಿಂತೆ.

ಅಣ್ಣ ಎದ್ದು ನನ್ನ ಹತ್ತಿರ ಬಂದ. ಶಭಾಷ್ ಎನ್ನುತ್ತಾನೆ ಎಂದುಕೊಂಡೆ, ಚಿಕ್ಕಂದಿನಿಂದ ಆ ಒಂದು ಮಾತಿಗೆ ಕಾದವಳು ನಾನು. ಅವನು ನನ್ನ ಮುಖ ನೋಡಲಿಲ್ಲ. ಕಾಗದ ನೋಡಿದ.

"ಯಾವುದು ಸಿಕ್ಕಿದ್ದು," ಎಂದ ಮೆಲ್ಲಗೆ, ಅತ್ತಿಗೆಗೆ ಕೇಳಿಸದ ಹಾಗೆ. "ಹನ್ನೊಂದರದಾ, ಹನ್ನೆರಡರದಾ?"

ನಾನು ಗಂಟೆಯ ಮಾತೇ ಎತ್ತಿರಲಿಲ್ಲ. ಕಾಗದ ಮಡಿಚಿತ್ತು. ಆ ಕಾವಲು ಆ ಎರಡು ನಕಲುಗಳಲ್ಲಿ ಮಾತ್ರ ಇದೆಯೆಂದು ಗೊತ್ತಿದ್ದದ್ದು ಗೊಂಚಲಿಗೆ ಮತ್ತು ನನಗೆ. ಗೊಂಚಲು ಇನ್ನೂ ನೆಲಮಹಡಿಯಲ್ಲೇ ಇದ್ದ.

ಮೊದಲು ಬೇರ್ಪಡಿಸು, ಆಮೇಲೆ ಅಳೆ. ಅದನ್ನು ನನಗೆ ಕಲಿಸಿದವನು ಅದನ್ನು ಮರೆಯುವವನಲ್ಲ. ಅವನು ಬರೆದಿದ್ದರೆ ಅದು ತಪ್ಪಿ ಬರೆದದ್ದಲ್ಲ.

ಕೋಣೆಯ ಬಾಗಿಲು ತೆರೆಯಿತು. ಒಳಗೆ ಬನ್ನಿ ಎಂದು ಯಾರೋ ಕರೆದರು. ಅತ್ತಿಗೆ ಕಣ್ಣೊರೆಸಿಕೊಂಡು ಎದ್ದಳು. ಒಂದು ಕೈಯಲ್ಲಿ ಅಣ್ಣನ ಕೈ ಹಿಡಿದುಕೊಂಡು, ಇನ್ನೊಂದನ್ನು ನನ್ನ ಮುಂದೆ ಚಾಚಿದಳು.

"ಕೊಡು," ಎಂದಳು. "ಯಾರು ಮಾಡಿದ್ದು ಅಂತ ನಾನೇ ಓದಿ ಹೇಳ್ತೀನಿ."